ಅವಳ ಎಡಭುಜದ ಗೆರೆ

ನಿಜವಾಗಿ ನಡೆದದ್ದು ಇದು. ನಂಬದಿದ್ದರೆ ಕೆನಡಾದ ವಿನಿಪೆಗ್‌ಗೆ ಬಂದು ಆ ಮೂಗನ್ನೇ ಕೇಳಿ! ಆದರೆ ಕಥೆ ಶುರುವಾದದ್ದು ಮೂಗಿನಿಂದಲ್ಲ, ಭುಜದಿಂದ.

ಚಿತ್ರಕಾರರ ಮಂಗಳವಾರದ ಕೂಟದಲ್ಲಿ ಸರದಿಯಂತೆ ಒಬ್ಬರು ಕೂತರೆ, ಉಳಿದವರೆಲ್ಲ ಅವರನ್ನು ಇಂಕಿನಲ್ಲಿ ಬಿಡಿಸುತ್ತಾರೆ. ಆಮೇಲೆ ಸಹಿಯಿಲ್ಲದ ಹಾಳೆಗಳನ್ನು ನೆಲದ ಮೇಲೆ ಹಾಸಿ, ಯಾವುದು ಯಾರದೆಂದು ಊಹಿಸುತ್ತಾರೆ.

ಅಂದು ಬೆನ್ನು ತಿರುಗಿಸಿ ಕೂತವಳು ಓಡೆಟ್. ಚಿಕ್ಕಂದಿನಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆ ಬಿದ್ದು ಮುರಿದ ಅವಳ ಎಡಭುಜ ಸೊಟ್ಟಗೇ ಕೂಡಿಕೊಂಡಿತ್ತು. ಎಲ್ಲರೂ ಅದನ್ನು ಮರ್ಯಾದೆಯಿಂದ ನೆಟ್ಟಗೆ ಮಾಡಿ ಬಿಡಿಸುತ್ತಿದ್ದರು.

ಒಂದು ಹಾಳೆಯ ಮುಂದೆ ಅವಳ ಕಾಲುಗಳು ನಿಂತುಬಿಟ್ಟವು...

ಅವಳದೇ ಬೆನ್ನು! ಕೂದಲೆಳೆಯಂಥ ನೂರಾರು ಗೆರೆಗಳು, ಒಂದರ ಪಕ್ಕ ಒಂದು, ಒಂದನ್ನೊಂದು ಮುಟ್ಟದೆ. ಭುಜದ ಆ ಸೊಟ್ಟು ಪ್ರತಿ ಗೆರೆಯಲ್ಲೂ ಮರಳಿ ಬಂದು, ಅಲೆಯಾಗಿ ಕಾಗದದ ಅಂಚಿನವರೆಗೂ ಹರಡಿತ್ತು.

ಅವಳು ಉಸಿರಾಡುವುದನ್ನೇ ಮರೆತಳು. ಮರುಕ್ಷಣ ಮುಖ ಉರಿಯಿತು.

'ಒಂದು ಸಲ ಸಾಲದೆಂದು ನೂರು ಸಲ ಆಡಿಕೊಂಡಿದ್ದಾರೆ!'

"ಯಾರದಿದು?"

"ನಂದೇ," ಎಂದ ಹೊಸಬ ಆಬ್ರಮ್. ಅವನಿಗಿಂತ ಮೊದಲು ಅವನ ಮೂಗು ಮುಂದೆ ಬಂದಿತ್ತು.

"ಇನ್ಮೇಲೆ ನಾನಿಲ್ಲಿ ಕೂರಲ್ಲ!"

"ರೀ, ಒಂದ್ನಿಮಿಷ..."

ಬಾಗಿಲು ದಡಾರನೆ ಬಡಿಯಿತು.

ಮುಂದಿನ ಮಂಗಳವಾರ ಅವಳು ಬಂದಳು, ಕೂರುವುದಕ್ಕಲ್ಲ. ನೆಲದ ಹಾಳೆಗಳ ನಡುವೆ ಇನ್ನೊಂದನ್ನು ಮೆಲ್ಲಗೆ ತೂರಿಸಿದಳು.

ಕೂಟದ ಹಿರಿಯರಾದ ಮ್ಯೂರಿಯಲ್ ಅಜ್ಜಿ ಕನ್ನಡಕ ಏರಿಸಿದರು. "ಇದು ಆಬ್ರಮಂದೇ ಕಣ್ರೋ, ಗೆರೆ ನೋಡಿ! ಅಯ್ಯೋ, ತನ್ನ ಮೂಗನ್ನೇ..."

ಆಬ್ರಮನ ಮುಖ, ಆಬ್ರಮನದೇ ಶೈಲಿ. ಗೆರೆ ಗೆರೆಗೂ ಮೂಗು! ಕಾಗದದ ಅಂಚಿನಲ್ಲಿ ಮುಖವೇ ಇಲ್ಲ, ಬರೀ ಮೂಗಿನ ಅಲೆ!

ಕೋಣೆ ಘೊಳ್ಳೆಂದಿತು. ಆಬ್ರಮ್ ಮಾತ್ರ ನಗಲಿಲ್ಲ. ಮಂಡಿಯೂರಿ, ತುಂಬಾ ಹೊತ್ತು ನೋಡಿದ. ನಗು ತಾನಾಗಿ ಅಡಗಿತು.

"ನಂದಲ್ಲ ಇದು. ನನ್ನನ್ನ ನಾನೇ ಇಷ್ಟು ತಾಳ್ಮೆಯಿಂದ ನೋಡ್ಕೊಂಡಿಲ್ಲ..." ತಲೆಯೆತ್ತಿದ. "ಓಡೆಟ್, ಎಷ್ಟು ಗೆರೆ?"

"ಇನ್ನೂರ ಆರು."

"ಸಿಟ್ಟು ಎಷ್ಟನೇದಕ್ಕೆ ಹೋಯ್ತು?"

ಅವಳು ಬೆಚ್ಚಿದಳು. ಇವನಿಗೆ ಹೇಗೆ ಗೊತ್ತು?

"ಎಂಬತ್ತಕ್ಕೆ... ಆಮೇಲೆ ನಿಲ್ಸೋಕೇ ಆಗ್ಲಿಲ್ಲ."

"ನಂಗೂ ಆಗ್ಲಿಲ್ಲ. ನಾನು ಎಳೆದ ಮೊದಲನೇ ಗೆರೆ ನಿಮ್ಮ ಭುಜದ್ದು. ನಿಮ್ಮ ಮಿಕ್ಕ ರೂಪವೆಲ್ಲ ಅದರಿಂದಾನೇ ಬಂತು."

ಅವಳ ಕೈ ತಾನಾಗಿ ಎಡಭುಜದ ಮೇಲೆ ಹೋಯಿತು. ತನ್ನ ಇಡೀ ಮೈ ಅಲ್ಲಿಂದ ಹುಟ್ಟಿತೇ! ಕಣ್ಣು ತುಂಬಿತು.

"ಮತ್ತೆ ಕೂರ್ತೀರಾ... ನಂಗೋಸ್ಕರ?"

"ಕೂರ್ತೀನಿ. ಆದ್ರೆ ಒಂದು ಹೇಳು, ಮುತ್ತು ಕೊಡೋವಾಗ ಈ ಮೂಗನ್ನ ಎಲ್ಲಿಡ್ತೀಯಾ?"

ಕೋಣೆಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಆ ಮೂಗಿನ ಒಡೆಯನೇ.