ಇನ್ನೊಂದು ಸಲ ಹೇಳ್ತೀರಾ?

ಸ್ಕೂಲಿನ ಗೇಟಿಗೆ ಬೀಗ ಹಾಕಿತ್ತು.

ಅಮ್ಮ ಗೇಟನ್ನು ಅಲ್ಲಾಡಿಸಿ ನೋಡಿದಳು. ಒಳಗೆ ಆಟದ ಮೈದಾನ ಖಾಲಿ. ಜಾರುಬಂಡೆಯ ಮೇಲೆ ಒಂದು ಕಾಗೆ ಕೂತಿತ್ತು, ಅಷ್ಟೆ.

"ಇವತ್ತು ರಜಾ ಅಂತ ಟೀಚರ್ ಹೇಳಿರ್ಲಿಲ್ವಾ?" ಅಮ್ಮ ಕೇಳಿದಳು.

ಚೂಟಿ ಬ್ಯಾಗಿನ ಪಟ್ಟಿ ಎಳೆದುಕೊಂಡಳು. ಟೀಚರ್ ನಿನ್ನೆ ಏನೋ ಹೇಳಿದ್ದರು, ನಿಜ. ಹೇಳಿ ಮುಗಿಸಿ ಚೂಟಿಯ ಕಡೆ ತಿರುಗಿ, ಹುಬ್ಬು ಮೇಲೆತ್ತಿ ಏನೋ ಕೇಳಿದ್ದರು. ಚೂಟಿ ಹ್ಞೂಂ ಅಂತ ತಲೆಯಾಡಿಸಿದ್ದಳು. ಟೀಚರ್ ಏನು ಕೇಳಿದರೂ ಅವಳು ತಲೆಯಾಡಿಸುತ್ತಿದ್ದಳು. ಆಡಿಸಿದರೆ ಟೀಚರ್ ನಕ್ಕು ಮುಂದಿನ ಬೆಂಚಿಗೆ ಹೋಗುತ್ತಿದ್ದರು. ಆಡಿಸದಿದ್ದರೆ ಇಡೀ ಕ್ಲಾಸು ತಿರುಗಿ ಅವಳನ್ನೇ ನೋಡುತ್ತಿತ್ತು.

"ಮರ್ತೋಯ್ತು," ಅಂದಳು ಚೂಟಿ.

ಅವಳಿಗೆ ಚೂಟಿ ಅಂತ ಹೆಸರಿಟ್ಟಿದ್ದು ಅಜ್ಜಿ. ಊರಲ್ಲಿದ್ದಾಗ ಅವಳ ಬಾಯಿ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಹಾಲಿನವರ ಹತ್ತಿರ ಮಾತು, ಬೀದಿನಾಯಿಯ ಹತ್ತಿರ ಮಾತು, ನಿದ್ದೆಯಲ್ಲೂ ಮಾತು. "ಇವಳ ಬಾಯಿಗೊಂದು ಸ್ವಿಚ್ ಹಾಕಿಸ್ರೋ," ಅನ್ನುತ್ತಿದ್ದಳು ಅಜ್ಜಿ. ಆಮೇಲೆ ಅಮ್ಮನಿಗೆ ದೂರದ ಈ ದೇಶದಲ್ಲಿ ಓದಲು ಸೀಟು ಸಿಕ್ಕಿತು. ಕೆಲಸ ಬಿಟ್ಟು ಬರಲಾಗದೆ ಅಪ್ಪ ಊರಲ್ಲೇ ಉಳಿದ. ಅಮ್ಮನ ಜೊತೆ ಚೂಟಿ ಮಾತ್ರ ಬಂದಳು. ಇಲ್ಲಿನ ಭಾಷೆ ಅವಳಿಗೆ ಇನ್ನೂ ಬರುತ್ತಿರಲಿಲ್ಲ. ಈಗ ಅಜ್ಜಿ ನೋಡಿದ್ದರೆ, ಇದು ನಮ್ಮ ಹುಡುಗಿಯೇ ಅಲ್ಲ ಅನ್ನುತ್ತಿದ್ದಳೇನೋ.

ಅಮ್ಮ ಗಡಿಯಾರ ನೋಡಿದಳು. "ನಾನಿವತ್ತು ಕಾಲೇಜು ತಪ್ಪಿಸೋ ಹಾಗಿಲ್ಲ ಕಣೇ. ನನ್ನ ಕಾಂಕ್ರೀಟ್ ಒಡೆಯೋ ದಿನ. ನೀನೂ ಬಾ. ಸುಮ್ನೆ ಕೂತಿರ್ಬೇಕು, ಅಷ್ಟೆ."

ಸುಮ್ಮನೆ ಕೂರುವುದು ಈಗ ಚೂಟಿಗೆ ಚೆನ್ನಾಗಿಯೇ ಬರುತ್ತಿತ್ತು.

ಅಮ್ಮ ಊರಲ್ಲಿ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡುತ್ತಿದ್ದಳು. ಅವಳ ದನಿ ಕೊನೇ ಬೆಂಚಿನವರೆಗೂ ಖಣಖಣ ಕೇಳುತ್ತಿತ್ತು. ಇಲ್ಲಿ ಅವಳೇ ಕೊನೇ ಬೆಂಚಿನಲ್ಲಿ ಕೂತಳು. ಪಕ್ಕದಲ್ಲಿ ಚೂಟಿಯನ್ನು ಕೂರಿಸಿಕೊಂಡಳು. ಕ್ಲಾಸಿನಲ್ಲಿದ್ದವರೆಲ್ಲ ಅಮ್ಮನಿಗಿಂತ ತುಂಬಾ ಚಿಕ್ಕವರು. ಬಿಳಿ ಗಡ್ಡದ ಮೇಷ್ಟ್ರು ಬೋರ್ಡಿನ ಮುಂದೆ ಅತ್ತಿಂದಿತ್ತ ಓಡಾಡುತ್ತಾ ಮಾತಾಡಿದರು. ಅವರ ಮಾತು ನಲ್ಲಿ ನೀರಿನ ಹಾಗೆ ಒಂದೇ ಸಮನೆ ಸುರಿಯುತ್ತಿತ್ತು.

ನಡುವೆ ಅವರು ಏನೋ ತಮಾಷೆ ಮಾಡಿದರು. ಎಲ್ಲರೂ ಗೊಳ್ಳೆಂದು ನಕ್ಕರು. ಅಮ್ಮ ಆ ಕಡೆ ಈ ಕಡೆ ನೋಡಿದಳು. ಆಮೇಲೆ ತಾನೂ ನಕ್ಕಳು.

ಆ ನಗು ಚೂಟಿಗೆ ಚೆನ್ನಾಗಿ ಗೊತ್ತಿತ್ತು. ಕ್ಲಾಸಿನಲ್ಲಿ ಅವಳೂ ಹಾಗೇ ನಗುತ್ತಿದ್ದಳು, ಎಲ್ಲರೂ ನಕ್ಕ ಮೇಲೆ.

ಮಧ್ಯಾಹ್ನ ಎಲ್ಲರೂ ಗುಂಪುಗುಂಪಾಗಿ ಕ್ಯಾಂಟೀನಿಗೆ ಹೋದರು. ಅಮ್ಮ ಮಾತ್ರ ಚೂಟಿಯನ್ನು ಕರೆದುಕೊಂಡು ಹಿಂದಿನ ಮೆಟ್ಟಿಲ ಹತ್ತಿರ ಹೋದಳು. ಅಲ್ಲಿ ಕಿಟಕಿಯ ಕಟ್ಟೆಯ ಮೇಲೆ ಊಟದ ಡಬ್ಬಿ ಬಿಚ್ಚಿದಳು.

"ದಿನಾ ಇಲ್ಲೇ ಕೂತ್ಕೋತೀಯಾ?"

"ಹ್ಞೂಂ. ಇಲ್ಲಿ ಬಿಸಿಲು ಚೆನ್ನಾಗಿ ಬರುತ್ತೆ."

ಚೂಟಿ ಕಿಟಕಿಯ ಹೊರಗೆ ನೋಡಿದಳು. ಎದುರಿಗೆ ದೊಡ್ಡದೊಂದು ಗೋಡೆ ಇತ್ತು. ಬಿಸಿಲು ಬರಲು ಜಾಗವೇ ಇರಲಿಲ್ಲ.

ಅವಳು ನಾಲ್ಕು ತುತ್ತು ತಿಂದು ಹೇಳಿದಳು, "ನಮ್ಮ ಸ್ಕೂಲಲ್ಲಿ ಕೋಟು ನೇತುಹಾಕೋ ಕಡೆ ಒಂದು ಬೆಂಚಿದೆ. ಊಟದ ಹೊತ್ತಲ್ಲಿ ಅಲ್ಲಿಗೆ ಯಾರೂ ಬರಲ್ಲ."

ಅಮ್ಮನ ಕೈ ಡಬ್ಬಿಯಲ್ಲೇ ನಿಂತಿತು. ಅವಳು ಚೂಟಿಯ ಭುಜಕ್ಕೆ ಭುಜ ತಾಗಿಸಿಕೊಂಡು ಹತ್ತಿರ ಕೂತಳು. ಇಬ್ಬರೂ ಹಾಗೇ ಊಟ ಮುಗಿಸಿದರು.

ಲ್ಯಾಬ್ ಅಂದರೆ ಅದೊಂದು ದೊಡ್ಡ ಶೆಡ್ಡು. ಸಿಮೆಂಟಿನ ವಾಸನೆ. ಮೇಷ್ಟ್ರು ಚೂಟಿಯನ್ನು ನೋಡಿ ಒಂದು ಹೆಲ್ಮೆಟ್ ತಂದು ಅವಳ ತಲೆಗೆ ಹಾಕಿದರು. ಅದು ಮೂಗಿನವರೆಗೂ ಇಳಿಯಿತು. ಪಟ್ಟಿ ಬಿಗಿ ಮಾಡಿ, ನೆಲದ ಹಳದಿ ಗೆರೆ ತೋರಿಸಿ, ಇದನ್ನು ದಾಟಬಾರದು ಅಂತ ಬೆರಳು ಆಡಿಸಿದರು. ಅದೊಂದು ಮಾತು ಮಾತ್ರ ಚೂಟಿಗೆ ಪೂರ್ತಿ ಅರ್ಥವಾಯಿತು.

ಅಮ್ಮ ನೀರಿನ ತೊಟ್ಟಿಯಿಂದ ತನ್ನ ಕಾಂಕ್ರೀಟ್ ತುಂಡನ್ನು ಎತ್ತಿ ಬಟ್ಟೆಯಿಂದ ಒರೆಸಿದಳು. ನೋಡಲು ದೊಡ್ಡದೊಂದು ದಾಳದ ಹಾಗಿತ್ತು.

"ಇದನ್ನ ನಾನೇ ಕಲಸಿ ಅಚ್ಚಿಗೆ ಹಾಕಿದ್ದು," ಅಮ್ಮ ಮೆಲ್ಲಗೆ ಹೇಳಿದಳು. "ಇಷ್ಟು ದಿನ ನೀರಲ್ಲಿ ನೆನೀತಾ ಇತ್ತು. ಈಗ ಮಿಷಿನ್ ಒತ್ತುತ್ತೆ. ಎಷ್ಟು ಭಾರ ತಡೆಯುತ್ತೋ ನೋಡ್ಬೇಕು."

"ಒಡೆದುಹೋದ್ರೆ?"

"ಒಡೀಲೇಬೇಕು. ಆದ್ರೆ ಸರಿಯಾಗಿ, ನಾಲ್ಕೂ ಪಕ್ಕ ಸಮವಾಗಿ ಒಡೀಬೇಕು. ಒಂದೇ ಸಲ ಆಗೋದು. ತಪ್ಪಿದ್ರೆ ಮತ್ತೆ ಮೊದಲಿಂದ ಕಲಸ್ಬೇಕು."

ಅಮ್ಮ ತುಂಡನ್ನು ಮಿಷಿನ್ನಿನೊಳಗೆ ಇಟ್ಟಳು. ಮೇಷ್ಟ್ರು ಬಂದು ಒಂದು ತಿರುಪನ್ನು ತೋರಿಸಿ, ಬಟನ್ ತೋರಿಸಿ, ಏನೇನೋ ಹೇಳಿದರು. ಕೊನೆಗೆ ಹುಬ್ಬು ಮೇಲೆತ್ತಿ ಅಮ್ಮನನ್ನು ನೋಡಿದರು.

ಅಮ್ಮ ತಲೆಯಾಡಿಸಿದಳು. ಮೇಷ್ಟ್ರು ನಕ್ಕು ಪಕ್ಕದ ಗುಂಪಿನ ಕಡೆ ಹೊರಟರು.

ಅಮ್ಮನ ಬೆರಳು ಹಸಿರು ಬಟನ್ ಹತ್ತಿರ ಹೋಯಿತು. ಅಲ್ಲೇ ನಿಂತಿತು.

"ಅಮ್ಮಾ," ಹಳದಿ ಗೆರೆಯ ಹಿಂದಿನಿಂದ ಚೂಟಿ ಕರೆದಳು. "ಅವ್ರು ಹೇಳಿದ್ದು ನಿಂಗೆ ಅರ್ಥ ಆಯ್ತಾ?"

"ಹ್ಞೂಂ."

"ನಿಜವಾಗ್ಲೂ?"

ಅಮ್ಮ ತಿರುಪಿನ ಕಡೆ ನೋಡಿದಳು.

"ನಾನೂ ಟೀಚರ್ ಹತ್ರ ಹಾಗೇ ತಲೆಯಾಡಿಸ್ತೀನಿ," ಅಂದಳು ಚೂಟಿ. "ಏನೂ ಅರ್ಥ ಆಗ್ದೇ ಇದ್ದಾಗ."

ಅಮ್ಮ ತಿರುಗಿ ಅವಳನ್ನು ನೋಡಿದಳು. ಅಮ್ಮನ ಕಿವಿ ಕೆಂಪಾಗಿತ್ತು. ಅವಳು ಬಟನ್ನಿನಿಂದ ಕೈ ತೆಗೆದಳು. ಆಮೇಲೆ ಮೇಷ್ಟ್ರ ಬೆನ್ನಿನ ಕಡೆ ತಿರುಗಿ ಇಲ್ಲಿನ ಭಾಷೆಯಲ್ಲಿ ಏನೋ ಗಟ್ಟಿಯಾಗಿ ಹೇಳಿದಳು. ಹೇಳುವಾಗ ಎರಡು ಕಡೆ ತಡವರಿಸಿದಳು. ಶೆಡ್ಡಿನಲ್ಲಿದ್ದವರೆಲ್ಲ ತಿರುಗಿ ಅವಳನ್ನೇ ನೋಡಿದರು.

ಮೇಷ್ಟ್ರು ವಾಪಸ್ಸು ಬಂದರು. ಚೂಟಿ ಅವರ ಮುಖವನ್ನೇ ನೋಡಿದಳು. ಅವರು ಗಡ್ಡ ಕೆರೆದುಕೊಂಡರು. ಆಮೇಲೆ ಮೊದಲಿನಿಂದ, ಒಂದೊಂದೇ ಮಾತು, ನಿಧಾನವಾಗಿ ಹೇಳಿದರು. ತಿರುಪನ್ನು ಹಿಡಿದು ಹಿಂದಕ್ಕೆ ತಿರುಗಿಸಿ ತೋರಿಸಿದರು.

ಅಷ್ಟರಲ್ಲಿ ಪಕ್ಕದ ಗುಂಪಿನ ಉದ್ದ ಹುಡುಗನೊಬ್ಬ ಹಿಂದೆ ಬಂದು ನಿಂತು ಕತ್ತು ಚಾಚಿ ನೋಡತೊಡಗಿದ. ಅವನ ಹಿಂದೆ ಇನ್ನೊಬ್ಬಳು ಬಂದಳು. ಅವರಿಗೂ ಮೊದಲ ಸಲ ಅರ್ಥವಾಗಿರಲಿಲ್ಲ ಅಂತ ಚೂಟಿಗೆ ತಟ್ಟನೆ ಹೊಳೆಯಿತು.

ಅಮ್ಮ ಬಟನ್ ಒತ್ತಿದಳು. ಮಿಷಿನ್ ಗುಂಯ್ ಅಂದಿತು. ಪರದೆಯ ಮೇಲೆ ಅಂಕಿಗಳು ನಿಧಾನಕ್ಕೆ ಏರಿದವು. ಏರಿದವು, ಏರುತ್ತಲೇ ಹೋದವು. ಆಮೇಲೆ ಧಡ್ ಅಂತ ಸದ್ದಾಯಿತು. ತುಂಡಿನ ನಾಲ್ಕೂ ಪಕ್ಕ ಸಮವಾಗಿ ಉದುರಿಹೋದವು.

ಅಮ್ಮ ಕಣ್ಣರಳಿಸಿ ನಕ್ಕಳು. ಈ ಸಲ ಬೇರೆ ಯಾರೂ ನಕ್ಕಿರಲಿಲ್ಲ.

ಬಸ್‌ಸ್ಟಾಪಿಗೆ ಹೋಗುವಾಗ ಚೂಟಿ ಕೇಳಿದಳು, "ಆ ತಿರುಪು ಯಾಕೆ?"

"ಬೆಳಿಗ್ಗೆ ಬಂದೋರು ಸ್ಪೀಡು ಜಾಸ್ತಿ ಇಟ್ಟು ಹೋಗಿದ್ರಂತೆ. ಅದನ್ನ ಕಮ್ಮಿ ಮಾಡದೆ ಒತ್ತಿದ್ರೆ ನನ್ನ ತುಂಡು ಕ್ಷಣದಲ್ಲಿ ಪುಡಿ. ಲೆಕ್ಕಕ್ಕೇ ಬರ್ತಿರ್ಲಿಲ್ಲ." ಸ್ವಲ್ಪ ದೂರ ನಡೆದು ಅಮ್ಮ ಹೇಳಿದಳು, "ರಜಾ ಅಂತ ನೀನು ಮರ್ತಿದ್ದಲ್ಲ, ಅಲ್ವಾ?"

"ಅಲ್ಲ."

"ಯಾವಾಗಿಂದ ಹೀಗೆ?"

"ಮೊದಲಿಂದ." ಚೂಟಿ ಅಮ್ಮನ ಮುಖ ನೋಡಿದಳು. "ನಿಂಗೆ?"

"ನಂಗೂ ಮೊದಲಿಂದ್ಲೇ."

ಬಸ್ ಬಂತು. ಇಬ್ಬರೂ ಒಂದೇ ಸೀಟಿನಲ್ಲಿ ಕೂತರು.

"ನೀನು ಮೇಷ್ಟ್ರಿಗೆ ಏನಂದೆ?" ಚೂಟಿ ಕೇಳಿದಳು. "ನಂಗೂ ಹೇಳ್ಕೊಡು."

"ಇನ್ನೊಂದು ಸಲ ಹೇಳ್ತೀರಾ, ನಂಗೆ ಅರ್ಥ ಆಗ್ಲಿಲ್ಲ ಅಂತ." ಅಮ್ಮ ಅದನ್ನು ಇಲ್ಲಿನ ಭಾಷೆಯಲ್ಲಿ ಹೇಳಿದಳು. ಚೂಟಿ ಹೇಳಿದಳು. ನಾಲಿಗೆ ಹೊರಳದೆ ಅದು ಬೇರೇನೋ ಆಯಿತು. ಅಮ್ಮ ಕಿಸಕ್ಕೆಂದಳು. ಮನೆ ಬರುವವರೆಗೂ ಚೂಟಿ ಅದನ್ನೇ ಹೇಳುತ್ತಾ ಬಂದಳು.

ಮಾರನೆಯ ದಿನ, ಸ್ಕೂಲು ಬಿಡುವ ಬೆಲ್ ಹೊಡೆಯುವ ಮುಂಚೆ ಟೀಚರ್ ಕ್ಲಾಸಿಗೆಲ್ಲ ಏನೋ ಹೇಳಿದರು. ಚೂಟಿಯ ಕಡೆ ನೋಡಿ ಹುಬ್ಬು ಮೇಲೆತ್ತಿದರು. ಅವಳ ತಲೆ ತನ್ನಷ್ಟಕ್ಕೇ ಆಡಲು ಹೊರಟಿತು. ಚೂಟಿ ಅದನ್ನು ತಡೆದಳು. ಎದ್ದು ನಿಂತು ಆ ಮಾತು ಹೇಳಿದಳು.

ಇಡೀ ಕ್ಲಾಸು ತಿರುಗಿ ನೋಡಿತು.

ಟೀಚರ್ ಬಂದು ಅವಳ ಬೆಂಚಿನ ಪಕ್ಕ ಮೊಣಕಾಲೂರಿ ಕೂತು, ಇನ್ನೊಂದು ಸಲ ಹೇಳಿದರು. ಅರ್ಥವಾಗಲಿಲ್ಲ. ಚೂಟಿ ಮತ್ತೆ ಕೇಳಿದಳು. ಟೀಚರ್ ತಮ್ಮ ಪಾದ ಮುಟ್ಟಿ ತೋರಿಸಿದರು, ಕಿಟಕಿಯ ಆಚೆ ಕೈ ತೋರಿಸಿದರು. ಮುಂದಿನ ಬೆಂಚಿನ ಹುಡುಗಿ ತನ್ನ ಬೂಟು ಬಿಚ್ಚಿ ಎತ್ತಿ ಹಿಡಿದು, ಇದಲ್ಲದೆ ಇನ್ನೊಂದು ಅನ್ನುವ ಹಾಗೆ ಎರಡು ಬೆರಳು ತೋರಿಸಿದಳು.

ಸಂಜೆ ಅಮ್ಮ ಬಾಗಿಲು ತೆಗೆಯುವಷ್ಟರಲ್ಲಿ ಚೂಟಿ ಶುರು ಮಾಡಿದ್ದಳು.

"ಅಮ್ಮಾ, ನಾಳೆ ಇನ್ನೊಂದು ಜೊತೆ ಬೂಟು ತಗೊಂಡು ಹೋಗ್ಬೇಕು."

"ಯಾಕಂತೆ?"

"ಅದು ಗೊತ್ತಾಗ್ಲಿಲ್ಲ," ಅಂದಳು ಚೂಟಿ, ಬ್ಯಾಗು ಕೆಳಗಿಡುತ್ತಾ. "ಅಷ್ಟೊತ್ತಿಗೆ ಬೆಲ್ ಹೊಡೀತು. ನಾಳೆ ಕೇಳ್ತೀನಿ."