ಸದ್ದು ಮಾಡದ ತಿರುಪು

ಮಂಗಳವಾರ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಠಾಣೆಗೆ ಬಂದ ಹೆಂಗಸು ಅಳಲಿಲ್ಲ. ಹಿಂದಿನ ದಿನ ವರ್ಕ್‌ಶಾಪಿನಲ್ಲಿ ಸತ್ತವನ ಹೆಂಡತಿ ಆಕೆ. ಕುರ್ಚಿ ಎಳೆದುಕೊಂಡು ಕೂತು, ಕಡ್ಡಿ ಮುರಿದ ಹಾಗೆ ಹೇಳಿದಳು.

"ಅದು ಆಕಸ್ಮಿಕ ಅಲ್ಲ. ಆ ಕ್ಯಾಮೆರಾ ಡಬ್ಬಿಗೆ ಯಾರೋ ಕೈ ಹಾಕಿದ್ದಾರೆ."

"ಹೇಗೆ ಹೇಳ್ತೀರಮ್ಮ?" ಇನ್‌ಸ್ಪೆಕ್ಟರ್ ಕೇಳಿದರು.

"ಅದನ್ನ ಮುಚ್ಚಿದ್ದು ನಮ್ಮಪ್ಪ. ಅವರು ಮುಚ್ಚಿದ್ದು ಮೂವತ್ತು ವರ್ಷದಲ್ಲಿ ಒಂದು ಹನಿ ಸೋರಿಲ್ಲ. ಬರ್ಕೊಳ್ಳಿ."

ಬರೆದುಕೊಂಡರು. ಹತ್ತೂವರೆಗೆ ಎಫ್‌ಐಆರ್ ದಾಖಲಾಯಿತು.

ವರ್ಕ್‌ಶಾಪಿನಲ್ಲಿ, ಸಮುದ್ರದಾಳಕ್ಕೆ ಹೋಗಿ ಬಂದಿದ್ದ, ಇಬ್ಬರೇ ಕೂರುವಂಥ ಪುಟ್ಟ ಸಬ್‌ಮರೀನ್ ನಿಂತಿತ್ತು. ಸಬ್‌ಮರೀನ್ ಎಂದೊಡನೆ ಯುದ್ಧವನ್ನು ನೆನೆದು ಬಂದಿದ್ದ ಹೆಡ್ ಕಾನ್‌ಸ್ಟೇಬಲ್‌ಗೆ ನಿರಾಸೆಯಾಯಿತು. ಅದರ ಹೊರಮೈಗೆ ಕ್ಯಾಮೆರಾ ಇಡುವ ಲೋಹದ ಡಬ್ಬಿ, ಮೊಳದುದ್ದದ ಕೊಳವೆ. ಬಾಯಿಗೆ ಮುಚ್ಚಳ, ನಡುವೆ ರಬ್ಬರ್ ರಿಂಗು, ಸುತ್ತ ಬಿಗಿಯುವ ಕ್ಲ್ಯಾಂಪು. ಇಷ್ಟೇ ಸಂಸಾರ.

"ಸೋರಿದ್ರೆ ಆಳದಲ್ಲಿ ನೀರು ಒಳಗೆ ನುಗ್ಗುತ್ತೆ ಸಾರ್," ಫೋರ್‌ಮನ್ ವಿವರಿಸಿದ. "ಮೇಲೆ ತಂದ್ರೂ ಕೆಲವು ಸಲ ಹೊರಗೆ ಬರಲ್ಲ, ಒತ್ತಿಕೊಂಡು ಕೂತಿರುತ್ತೆ. ಅದಕ್ಕೇ ಮುಚ್ಚಳದಲ್ಲಿ ಈ ಸಣ್ಣ ತಿರುಪು. ಮೊದಲು ಇದನ್ನ ಬಿಚ್ಚಬೇಕು. ಒತ್ತಡ ಇದ್ರೆ ಬುಸ್ ಅನ್ನುತ್ತೆ. ಸದ್ದಿಲ್ಲ ಅಂದ್ರೆ ಆಮೇಲೆ ಕ್ಲ್ಯಾಂಪು."

"ಸತ್ತವನು ಬಿಚ್ಚಿರಲಿಲ್ವಾ?"

"ಬಿಚ್ಚಿದ. ನಾನೇ ನೋಡ್ದೆ. ಸದ್ದು ಬರಲಿಲ್ಲ. 'ನಮ್ಮ ಮಾವ ಮುಚ್ಚಿದ್ದು ಎಲ್ಲಾದ್ರೂ ಸೋರುತ್ತಾ' ಅಂತ ನಕ್ಕು ಕ್ಲ್ಯಾಂಪ್ ಸಡಿಲಿಸಿದ."

ಒಳಗಿನ ಒತ್ತಡಕ್ಕೆ ಮುಚ್ಚಳ ಹಾರಿ ಎದೆಗೆ ಬಡಿದಿತ್ತು.

ಮಧ್ಯಾಹ್ನ ಹನ್ನೆರಡೂಕಾಲಿಗೆ ಪಂಚರ ಸಮಕ್ಷಮ ಪಂಚನಾಮೆ. ನೆಲದ ಮೇಲೆ ಸಿಕ್ಕ ಹಿತ್ತಾಳೆಯ ತಿರುಪಿಗೆ ತಲೆಯಷ್ಟೇ ಇತ್ತು, ಕಾಲನ್ನು ಕತ್ತರಿಸಲಾಗಿತ್ತು. ತೂತಿನೊಳಗೆ ಗಟ್ಟಿಯಾದ ಅಂಟು; ಬುಸ್ ಅನ್ನಲು ದಾರಿಯೇ ಇರಲಿಲ್ಲ. ರಬ್ಬರ್ ರಿಂಗಿನ ಮೇಲೆ ಅಡ್ಡಲಾಗಿ ಒಂದು ನರೆಗೂದಲು. ನೀರಿಗೆ ಅಷ್ಟು ದಾರಿ ಸಾಕು.

"ರಿಂಗನ್ನ ಯಾರೂ ಪರೀಕ್ಷೆ ಮಾಡಲ್ವಾ?"

"ಅವನ ಮಾವ, ನಮ್ಮ ಮೇಸ್ತ್ರಿ, ಬೆರಳಾಡಿಸಿ ನೋಡ್ತಾರೆ. ಭೂತಗನ್ನಡಿ ಇದೆ ಸಾರ್, ಆದ್ರೆ ಅವರು ಬೆರಳಾಡಿಸಿದ್ರೆ ಮುಗೀತು. ಆಮೇಲೆ ನೋಡೋದು ಅವರಿಗೆ ಅವಮಾನ ಮಾಡಿದ ಹಾಗೆ."

ಆ ವರ್ಕ್‌ಶಾಪಿನಲ್ಲಿ ಎಲ್ಲರಿಗೂ ಮೇಸ್ತ್ರಿಯ ಮೇಲೆ ನಂಬಿಕೆ. ಪೊಲೀಸರ ಕೆಲಸಕ್ಕೆ ನಂಬಿಕೆಯಷ್ಟು ದೊಡ್ಡ ಅಡ್ಡಿ ಬೇರೊಂದಿಲ್ಲ.

ನಾಲ್ಕು ಗಂಟೆಗೆ ಠಾಣೆಯಲ್ಲಿ, ಡಬ್ಬಿ ಮುಟ್ಟಿದ ಐವರ ಬೆರಳಚ್ಚು ತೆಗೆದರು. ಕೊನೆಯವರು ಮೇಸ್ತ್ರಿ, ದೂರು ಕೊಟ್ಟವಳ ತಂದೆ. ಹೆಡ್ ಕಾನ್‌ಸ್ಟೇಬಲ್ ಅವರ ಹೆಬ್ಬೆರಳನ್ನು ಕಾಗದಕ್ಕೆ ಒತ್ತಿದ. ಕಪ್ಪು ಮಸಿಯ ಜೊತೆ ಕೆಂಪು ಬಂತು. ಬೆರಳ ತುದಿಯಲ್ಲಿ ಹಿತ್ತಾಳೆಯ ಚೂರೊಂದು ಆಳಕ್ಕೆ ನಾಟಿಕೊಂಡಿತ್ತು.

"ಅಯ್ಯೋ ಯಜಮಾನ್ರೇ, ನೋವಾಗ್ತಿಲ್ವಾ?"

"ಏನು?" ಎಂದರು ಮೇಸ್ತ್ರಿ.

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು. "ಎಷ್ಟು ದಿನದಿಂದ ಹೀಗೆ?"

"ವರ್ಷ ಆಯ್ತು. ಸಕ್ಕರೆ ಕಾಯಿಲೆ. ಬೆರಳ ತುದಿ ಸತ್ತಿದೆ."

"ತಿರುಪು?"

"ಅಷ್ಟು ಸಣ್ಣದು ಬೆರಳಿಗೆ ಸಿಗ್ಲಿಲ್ಲ. ಮೂರು ಸಲ ಬಿದ್ದೋಯ್ತು. ತಲೆಯಷ್ಟನ್ನೇ ಕತ್ತರಿಸಿ ಅಂಟಿಸಿಬಿಟ್ಟೆ. ಡಬ್ಬಿನೇ ಸೋರಲ್ಲ ಅಂದ್ಮೇಲೆ ತಿರುಪು ಯಾಕೆ ಅಂದ್ಕೊಂಡೆ."

"ರಿಂಗಿನ ಮೇಲೆ ಕೂದಲಿತ್ತು."

"ಬೆರಳಾಡಿಸಿದ್ದೆ ಸಾರ್. ಏನೂ ತಗುಲಲಿಲ್ಲ."

"ಅಳಿಯ ಪಕ್ಕದ ಮೇಜಲ್ಲೇ ಇದ್ದ. ಒಂದು ಸಲ ಕರೆದಿದ್ರೆ ಆಗ್ತಿತ್ತಲ್ಲ?"

"ಆಗ್ತಿತ್ತು."

ಐದು ಇಪ್ಪತ್ತಕ್ಕೆ ದಸ್ತಗಿರಿ. ವಿಷಯವನ್ನು ಆರೋಪಿಯ ಹತ್ತಿರದ ಸಂಬಂಧಿಗೆ ತಿಳಿಸಬೇಕೆಂಬುದು ಕಾನೂನು. ಇದ್ದವಳು ಒಬ್ಬಳೇ ಮಗಳು. ಬಂದಳು. ಇನ್‌ಸ್ಪೆಕ್ಟರ್ ಓದಿ ಹೇಳಿದರು.

"ದೂರು ವಾಪಸ್ ತಗೋಬಹುದಾ?"

"ಆಗಲ್ಲಮ್ಮ."

ಬೆಳಿಗ್ಗೆ ದೂರುದಾರಳೆಂದು ಸಹಿ ಹಾಕಿದ್ದವಳು ಈಗ ಬಂಧಿತನ ಸಂಬಂಧಿ ಎಂದು ಸಹಿ ಹಾಕಿದಳು. ಆಮೇಲೆ ಬೆಂಚಿನ ಕಡೆ ತಿರುಗಿದಳು.

"ಅಪ್ಪಾ, ನನಗಾದ್ರೂ ಹೇಳಬಹುದಿತ್ತಲ್ಲ?"

ಮೇಸ್ತ್ರಿ ಮಗಳ ಮುಖ ನೋಡಲಿಲ್ಲ. "ನೀನೇ ಕಂಡಕಂಡವರಿಗೆಲ್ಲ ಹೇಳ್ಕೊಂಡು ತಿರುಗ್ತಿದ್ದೆಯಲ್ಲ ಕಂದ, ನಮ್ಮಪ್ಪನ ಕೈ ಅಂದ್ರೆ ಕೈ ಅಂತ. ಹೇಗಮ್ಮ ಹೇಳಲಿ?"

ಇನ್‌ಸ್ಪೆಕ್ಟರ್ ಕೇಸ್ ಡೈರಿಯಲ್ಲಿ ಬರೆದರು: ಆರೋಪಿಗೆ ಮೃತನ ಮೇಲೆ ದ್ವೇಷವಿರಲಿಲ್ಲ. ಮಗಳೆದುರು ಸಣ್ಣವನಾಗಲು ಮನಸ್ಸಾಗಲಿಲ್ಲ, ಅಷ್ಟೇ.