ಓಟು ಕೇಳಲು ಬಂದವನು

"ನಿಮ್ಮ ಹತ್ತಿರ ಒಂದು ಮಾತು ಕೇಳಲಿಕ್ಕುಂಟು ವೆಲಿಟಾ," ಎಂದಿದ್ದ ಶರ್ವಿನ್ ಫೋನಿನಲ್ಲಿ. "ಫೋನಲ್ಲಿ ಕೇಳುವಂಥದ್ದಲ್ಲ. ಶನಿವಾರ ಬೆಳಿಗ್ಗೆ ಅಲ್ ಐನ್‌ಗೆ ಬರ್ತೇನೆ. ಬರಬಹುದಾ?"

ಬನ್ನಿ ಎಂದಳು ವೆಲಿಟಾ. ಫೋನ್ ಇಟ್ಟವಳು ಕನ್ನಡಿಯ ಮುಂದೆ ಹೋಗಿ ಸುಮ್ಮನೆ ನಿಂತಳು.

ಅವಳಿಗೆ ಮೂವತ್ತಾರು. ದುಬೈಗೆ ಹತ್ತಿರದ ಅಲ್ ಐನ್‌ನ ಆಸ್ಪತ್ರೆಯಲ್ಲಿ ನರ್ಸ್ ಆಗಿ ಇದು ಹನ್ನೊಂದನೆಯ ವರ್ಷ. ಊರಿನಲ್ಲಿ ಅವಳಿಗೆ ಗಂಡು ನೋಡುವ ಮಾತು ನಿಂತು ನಾಲ್ಕು ವರ್ಷವಾಗಿತ್ತು. ಅವಳೂ ಆ ಯೋಚನೆಯನ್ನು ಬಿಟ್ಟಿದ್ದಳು, ಎಂಟು ತಿಂಗಳ ಹಿಂದೆ ಶರ್ವಿನ್‌ನನ್ನು ಕಾಣುವ ತನಕ.

ಶನಿವಾರ ಬೇಗ ಎದ್ದು ಬಂಗುಡೆ ಸಾರು ಮಾಡಿದಳು. ತಿಳಿನೀಲಿ ಚೂಡಿದಾರ ಹಾಕಿದಳು, ತೆಗೆದಳು, ಮತ್ತೆ ಅದನ್ನೇ ಹಾಕಿದಳು. ಬಾಗಿಲು ತೆರೆದಾಗ, ದುಬೈಯಿಂದ ಕಾರು ಓಡಿಸಿ ಬಂದ ಅವನ ಕೈಯಲ್ಲಿ ಟವೆಲಿನ ಒಂದು ಗಂಟಿತ್ತು.

"ಸತ್ವಾದ ಇರಾನಿ ಬೇಕರಿಯ ರೊಟ್ಟಿ. ನಮ್ಮ ಗ್ಯಾರೇಜಿನ ಪಕ್ಕದ್ದೇ. ತಣಿಯಬಾರದು ಅಂತ ಟವೆಲಿನಲ್ಲಿ ಸುತ್ತಿ ತಂದೆ. ಮುಟ್ಟಿ ನೋಡಿ, ಬಿಸಿ ಉಂಟಾ?"

ಮುಟ್ಟಿದಳು. ಬಿಸಿ ಇರಲಿಲ್ಲ. "ಉಂಟು," ಎಂದಳು. ಅವನು ನಕ್ಕಾಗ ಎಡಗಣ್ಣು ಬಲಗಣ್ಣಿಗಿಂತ ಸ್ವಲ್ಪ ಹೆಚ್ಚು ಕಿರಿದಾಗುವುದನ್ನು ಅವಳು ಆಗಲೇ ಎಷ್ಟೋ ಸಲ ಗಮನಿಸಿದ್ದಳು.

ಊಟಕ್ಕೆ ಕುಳಿತ ಮೇಲೆ ಅವನು ನೀರು ಕುಡಿದ, ಲೋಟ ಇಟ್ಟ, ಮತ್ತೆ ಎತ್ತಿದ.

"ವೆಲಿಟಾ, ನಿಮ್ಮ ಓಟು ನನಗೆ ಬೇಕು."

ಅವಳ ಕೈಯ ಸೌಟು ಪಾತ್ರೆಯಲ್ಲೇ ಉಳಿಯಿತು. "ಓಟಾ?"

"ನಮ್ಮ ಕೂಟದ್ದು. ಮುಂದಿನ ತಿಂಗಳು ಅಧ್ಯಕ್ಷರ ಚುನಾವಣೆ. ಅದಕ್ಕೆ ಮೊದಲು ಕೂಟದೊಳಗಿನ ನಮ್ಮ ಗುಂಪಿನಿಂದ ಒಬ್ಬರೇ ನಿಲ್ಲಬೇಕು ಅಂತ ತೀರ್ಮಾನ ಆಗಿದೆ. ಒಂದೋ ನಾನು, ಇಲ್ಲದಿದ್ದರೆ ಕ್ಲಾರಾಬಾಯಿ. ಬರುವ ಶನಿವಾರ ದುಬೈಯ ಮಿರ್ದಿಫ್‌ನಲ್ಲಿ ಗುಂಪಿನವರೆಲ್ಲ ಓಟು ಹಾಕುವುದು. ನೀವೂ ಸದಸ್ಯರಲ್ವಾ?"

"ಹೌದು," ಎಂದಳು. ಸಾರು ಬಡಿಸಿದಳು. ಮುಖ ಬಿಸಿಯಾದದ್ದು ಕಾಣದಂತೆ ಅನ್ನ ತರಲು ಎದ್ದು ಹೋದಳು.

ಕರಾವಳಿಯ ಕೊಂಕಣಿಗರು ಕಟ್ಟಿಕೊಂಡ ಆ ಕೂಟಕ್ಕೆ ಹಬ್ಬದೂಟ, ನಾಟಕ ಎಲ್ಲ ಇದ್ದವು. ಆದರೆ ಜನ ಅದನ್ನು ನೆನೆಯುತ್ತಿದ್ದುದು ಯಾರಾದರೂ ತೀರಿಕೊಂಡಾಗ. ಪಾರ್ಥಿವ ಶರೀರವನ್ನು ಊರಿಗೆ ಕಳುಹಿಸುವ ಕಾಗದಪತ್ರ, ಮನೆಯವರಿಗೆ ಸುದ್ದಿ ಮುಟ್ಟಿಸುವ ಕೆಲಸ, ಎಲ್ಲದಕ್ಕೂ ಅಧ್ಯಕ್ಷರೇ ಮುಂದೆ ನಿಲ್ಲಬೇಕು.

ವೆಲಿಟಾಳಿಗೆ ಅದು ಹೇಗೆಂದು ಗೊತ್ತಿತ್ತು. ಕಳೆದ ಜೂನ್‌ನಲ್ಲಿ ಅವಳ ರೂಮ್‌ಮೇಟ್ ಡೆಲ್ಫಿನ್ ಸ್ನಾನದ ಕೋಣೆಯಲ್ಲಿ ಕುಸಿದು ಬಿದ್ದಳು. ಮೆದುಳಿನಲ್ಲಿ ರಕ್ತಸ್ರಾವ. ಎರಡು ದಿನ ಉಸಿರಾಡಿ ಹೋದಳು. ಕೂಟದ ಪರವಾಗಿ ದುಬೈಯಿಂದ ಬಂದವನು ಶರ್ವಿನ್. ಆರು ದಿನ, ಪ್ರತಿದಿನವೂ ಒಂದೂವರೆ ಗಂಟೆ ಕಾರು ಓಡಿಸಿ ಬಂದ. ಕಚೇರಿಯಿಂದ ಕಚೇರಿಗೆ ಅಲೆದ. ವೆಲಿಟಾ ಅನ್ನ ಮುಟ್ಟದಿದ್ದಾಗ ತಾನೂ ಮುಟ್ಟಲಿಲ್ಲ. ಶವಾಗಾರದ ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವಳ ಪಕ್ಕ ಕುಳಿತು, ತಾನು ಒಮ್ಮೆಯೂ ಕಂಡಿರದ ಡೆಲ್ಫಿನ್‌ಗಾಗಿ ಅತ್ತ. ಅವಳು ಅವನನ್ನು ಪ್ರೀತಿಸತೊಡಗಿದ್ದು ಆ ಕುರ್ಚಿಯಲ್ಲೇ.

ಅವನು ತಪ್ಪು ಮಾಡಿದ್ದೂ ಅದೇ ವಾರ. ಕಿನ್ನಿಗೋಳಿಯಿಂದ ಡೆಲ್ಫಿನ್‌ಳ ತಾಯಿ ಫೋನಿನಲ್ಲಿ ಗೋಳಾಡುತ್ತಿದ್ದಾಗ, "ಅಮ್ಮಾ, ಗುರುವಾರ ಮಗಳು ಮನೆಗೆ ಬರ್ತಾಳೆ. ನಾನು ಹೇಳ್ತೇನಲ್ಲ," ಎಂದುಬಿಟ್ಟ. ಒಂದು ಕಾಗದ ಬಾಕಿಯಿತ್ತು, ನಡುವೆ ರಜೆಯೂ ಬಂತು. ಗುರುವಾರ ಊರಿನ ಇಗರ್ಜಿಯ ಸ್ಮಶಾನದಲ್ಲಿ ಗುಂಡಿ ತೋಡಿ ಇಟ್ಟರು. ನೆಂಟರು ಬಂದರು, ಕಾದರು, ಹೋದರು. ಶನಿವಾರದ ಮಳೆಗೆ ಗುಂಡಿಯಲ್ಲಿ ನೀರು ನಿಂತಿತು. ಆ ತಾಯಿ ಅಂಗಳದಲ್ಲಿ ಕುರ್ಚಿ ಹಾಕಿ ಗೇಟು ನೋಡುತ್ತ ಕುಳಿತವರು ಸೋಮವಾರ ಶವಪೆಟ್ಟಿಗೆ ಬರುವ ತನಕ ಏಳಲಿಲ್ಲವಂತೆ.

ಅನ್ನದ ಪಾತ್ರೆ ಮೇಜಿನ ಮೇಲಿಟ್ಟು ವೆಲಿಟಾ ಕೇಳಿದಳು. "ಡೆಲ್ಫಿನ್‌ಳ ಅಮ್ಮ ಇವತ್ತು ಪುನಃ ಫೋನ್ ಮಾಡಿ ಯಾವಾಗ ಅಂತ ಕೇಳಿದರೆ, ಏನು ಹೇಳ್ತೀರಿ?"

ಶರ್ವಿನ್‌ನ ನಗು ನಿಂತಿತು. ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ತಟ್ಟೆಗಿಟ್ಟ.

"ಸುಳ್ಳು ಹೇಳಲಾ ನಿಜ ಹೇಳಲಾ?"

"ನಿಜ."

"ಅವತ್ತು ಹೇಳಿದ್ದನ್ನೇ ಪುನಃ ಹೇಳ್ತೇನೋ ಏನೋ. ತಾಯಿ ಅಳುವಾಗ ಗೊತ್ತಿಲ್ಲ ಅಂತ ಹೇಳಲಿಕ್ಕೆ ನನಗೆ ಬಾಯಿ ಬರುವುದಿಲ್ಲ ವೆಲಿಟಾ. ಪ್ರಯತ್ನ ಮಾಡಿದ್ದೇನೆ."

ಹೀಗೆ ಹೇಳಿ ಓಟು ಕಳೆದುಕೊಳ್ಳುವವರು ಉಂಟೇ ಎಂದು ಅವಳಿಗೆ ಅನ್ನಿಸಿತು. ಮೇಜಿನಾಚೆ ಕೈ ಚಾಚಿ ಅವನ ಕೆನ್ನೆ ಮುಟ್ಟಬೇಕೆನ್ನಿಸಿತು. ಮುಟ್ಟಲಿಲ್ಲ. "ಇನ್ನೊಂದು ತುಂಡು ಮೀನು ಹಾಕಲಾ?" ಎಂದಳು.

ಮಂಗಳವಾರ ಕ್ಲಾರಾಬಾಯಿ ಬಂದರು. ಅಬುಧಾಬಿಯ ಒಂದು ಶಾಲೆಯ ಆಫೀಸಿನಲ್ಲಿ ಇಪ್ಪತ್ತು ವರ್ಷದಿಂದ ವೀಸಾ ಕಾಗದಗಳನ್ನು ನೋಡಿಕೊಳ್ಳುವ ಐವತ್ತೆರಡರ ಹೆಂಗಸು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕುಳಿತರು. ಚಹಾ ಬೇಡವೆಂದರು. ಆರೋಗ್ಯ, ಮನೆಯವರು ಏನನ್ನೂ ವಿಚಾರಿಸಲಿಲ್ಲ.

"ನಾನು ಚಂದ ಮಾತಾಡುವವಳಲ್ಲ," ಎಂದರು. "ಶರ್ವಿನ್ ಒಳ್ಳೆಯ ಮನುಷ್ಯ. ನನಗಿಂತ ಒಳ್ಳೆಯವನು. ಆದರೂ ನಾನು ನಿಲ್ತೇನೆ. ಏನಾದರೂ ಕೇಳಲಿಕ್ಕುಂಟಾ?"

ವೆಲಿಟಾ ಅದೇ ಪ್ರಶ್ನೆಯನ್ನು ಕೇಳಿದಳು.

ಕ್ಲಾರಾಬಾಯಿ ಯೋಚಿಸಲಿಲ್ಲ. "ಗೊತ್ತಿಲ್ಲ ಅಂತ ಹೇಳ್ತಿದ್ದೆ. ಮತ್ತೆ ದಿನಾ ಸಂಜೆ ಆರು ಗಂಟೆಗೆ ಫೋನ್ ಮಾಡ್ತಿದ್ದೆ. ಹೇಳಲಿಕ್ಕೆ ಏನೂ ಇಲ್ಲದಿದ್ದರೂ ಮಾಡ್ತಿದ್ದೆ. ಅವರು ಬೈದರೆ ಬೈಸಿಕೊಳ್ತಿದ್ದೆ."

"ಅವರ ಜೊತೆ ಅಳ್ತಿದ್ದಿರಾ?"

"ಇಲ್ಲ," ಎಂದರು ಕ್ಲಾರಾಬಾಯಿ. "ಅಳು ನನಗೆ ಬೇಗ ಬರುವುದಿಲ್ಲ. ಅದೊಂದು ಕೊರತೆಯೇ."

ಆ ನಾಲ್ಕು ದಿನ ವೆಲಿಟಾ ವಾರ್ಡಿನಲ್ಲಿ ಡ್ರಿಪ್ ಬದಲಾಯಿಸುತ್ತ, ಚಾರ್ಟ್ ಬರೆಯುತ್ತ ಇಬ್ಬರನ್ನೂ ಮನಸ್ಸಿನಲ್ಲೇ ಅಕ್ಕಪಕ್ಕ ನಿಲ್ಲಿಸಿ ನೋಡಿದಳು. ಸಾವಿನ ಮನೆಯಲ್ಲಿ ತನ್ನ ಪಕ್ಕ ಯಾರು ಕೂರಬೇಕು ಎಂದರೆ ಶರ್ವಿನ್. ಎಷ್ಟು ಸಲ ಕೇಳಿದರೂ ಶರ್ವಿನ್. ಆದರೆ ದೂರದ ಊರಿನ ತಾಯಿಯೊಬ್ಬರು ಯಾರ ಮಾತನ್ನು ನಂಬಿ ಗೇಟು ನೋಡಬೇಕು? ಅಲ್ಲಿಗೆ ಬಂದಾಗ ಅವನ ಹೆಸರು ಬಾಯಿಗೆ ಬರುತ್ತಿರಲಿಲ್ಲ. ಅದಕ್ಕಾಗಿ ಅವಳಿಗೆ ಅವನ ಮೇಲೆ ಸಿಟ್ಟು ಬಂತು, ತನ್ನ ಮೇಲೂ ಬಂತು.

ಶನಿವಾರ ಅವಳು ಮಿರ್ದಿಫ್‌ಗೆ ಹೋದಳು. ಸದಸ್ಯರೊಬ್ಬರ ವಿಲ್ಲಾದ ಎದುರು ಕಾರುಗಳ ಸಾಲು. ಶರ್ವಿನ್ ಗೇಟಿನ ಬಳಿ ನಿಂತು ಬಂದವರ ಕೈ ಕುಲುಕುತ್ತಿದ್ದ. ಇಸ್ತ್ರಿ ಮಾಡಿದ ಬಿಳಿ ಶರ್ಟಿನ ಕಾಲರ್ ಒಂದು ಬದಿ ಮಡಚಿಕೊಂಡಿತ್ತು. ವೆಲಿಟಾ ಅವನನ್ನು ಗೋಡೆಯ ನೆರಳಿಗೆ ಕರೆದಳು.

"ನಿಮ್ಮ ಬೆನ್ನ ಹಿಂದೆ ಮಾಡಲಿಕ್ಕೆ ನನಗೆ ಮನಸ್ಸಿಲ್ಲ. ಅದಕ್ಕೇ ಎದುರಿಗೇ ಹೇಳ್ತೇನೆ. ನನ್ನ ಓಟು ಕ್ಲಾರಾಬಾಯಿಗೆ."

ಅವನ ಮುಖದ ಬಣ್ಣ ಇಳಿಯಿತು. "ಗುರುವಾರ ಅಂದದ್ದಕ್ಕಾ?"

"ಹೌದು."

"ಎಲ್ಲರೂ ಅದನ್ನು ಮರೆತಿದ್ದಾರೆ ಅಂದುಕೊಂಡಿದ್ದೆ."

"ಡೆಲ್ಫಿನ್‌ಳ ಅಮ್ಮ ಮರೆತಿಲ್ಲ ಶರ್ವಿನ್."

ಅವನು ತಲೆಯಾಡಿಸಿದ. ಗೇಟಿನ ಕಡೆ ನಡೆದ. ಕಾಲರ್ ಸರಿ ಮಾಡಿ ಎಂದು ಹೇಳಬೇಕೆಂದು ಅವಳ ನಾಲಿಗೆಯ ತುದಿಗೆ ಬಂದಿತ್ತು.

ನಲವತ್ತೊಂದು ಓಟುಗಳಲ್ಲಿ ಕ್ಲಾರಾಬಾಯಿಗೆ ಇಪ್ಪತ್ತಮೂರು ಬಿದ್ದವು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ಶರ್ವಿನ್. ಆದರೆ ಊಟಕ್ಕೆ ಅವನು ನಿಲ್ಲಲಿಲ್ಲ. ವೆಲಿಟಾ ಕಿಟಕಿಯಿಂದ ಅವನ ಹಳೆಯ ಬಿಳಿ ಕಾರು ತಿರುವಿನಲ್ಲಿ ಮರೆಯಾಗುವುದನ್ನು ನೋಡಿದಳು.

ಮುಂದೆ ಆರು ವಾರ ಅವನ ಫೋನ್ ಇಲ್ಲ. ಅವಳೂ ಮಾಡಲಿಲ್ಲ. ಚುನಾವಣೆ ಮುಗಿಯಿತು, ಕ್ಲಾರಾಬಾಯಿ ಅಧ್ಯಕ್ಷರಾದರು. ಸಹೋದ್ಯೋಗಿ ಕೋಕಿಲಾ ಒಂದು ದಿನ, "ಎಂತ ಸಿಸ್ಟರ್, ಹುಷಾರಿಲ್ವಾ? ತೂಕ ಇಳಿದ ಹಾಗೆ ಉಂಟಲ್ಲ," ಎಂದಾಗ ಡ್ಯೂಟಿ ಜಾಸ್ತಿ ಎಂದು ಜಾರಿಕೊಂಡಳು. ತಾನು ಮಾಡಿದ್ದು ಸರಿಯೆಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ಸರಿಯಾದದ್ದನ್ನು ಮಾಡಿದ ಮೇಲೂ ಇಷ್ಟು ನೋಯುತ್ತದೆಂದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ಮಾರ್ಚ್‌ನಲ್ಲಿ ಬಂಟ್ವಾಳದ ಎಲೆಕ್ಟ್ರಿಷಿಯನ್ ಒಬ್ಬರು ಅವಳ ಆಸ್ಪತ್ರೆಯಲ್ಲೇ ತೀರಿಕೊಂಡರು. ಮಧ್ಯಾಹ್ನದ ಬ್ರೇಕಿನಲ್ಲಿ ಅವಳು ಕೆಳಗಿಳಿದು ಬಂದಾಗ ಮೃತರ ತಮ್ಮ ಮೆಟ್ಟಿಲ ಬಳಿ ಕುಳಿತಿದ್ದರು. ಪಕ್ಕದಲ್ಲಿ ಅವರ ಹೆಗಲು ಹಿಡಿದು ಶರ್ವಿನ್ ಕುಳಿತಿದ್ದ. ಆ ಮನುಷ್ಯ ಏನೋ ಕೇಳಿದರು. ಶರ್ವಿನ್‌ನ ಉತ್ತರ ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

"ಯಾವ ದಿನ ಕಳಿಸ್ತಾರೆ ಅಂತ ನನಗೆ ಗೊತ್ತಿಲ್ಲ ಅಣ್ಣಾ. ಕ್ಲಾರಾಬಾಯಿ ಆರು ಗಂಟೆಗೆ ಮನೆಗೆ ಫೋನ್ ಮಾಡ್ತಾರೆ. ಅಷ್ಟರ ತನಕ ನಾನು ಇಲ್ಲೇ ಇರ್ತೇನೆ."

ವೆಲಿಟಾಳನ್ನು ಕಂಡು ಅವನು ಎದ್ದು ಬಂದ. ಸೊರಗಿದ್ದ. ಇಬ್ಬರೂ ಹೊರಗಿನ ಬೇವಿನ ಮರದ ಕೆಳಗೆ ನಿಂತರು.

"ಕ್ಲಾರಾಬಾಯಿ ಕರೆದರು," ಎಂದ. "'ಮನೆಯವರ ಹತ್ತಿರ ಕೂರಲಿಕ್ಕೆ ನನಗೆ ಬರುವುದಿಲ್ಲ, ನಿನಗೆ ಬರ್ತದೆ, ದಿನದ ಮಾತು ಮಾತ್ರ ನನಗೆ ಬಿಡು' ಅಂದರು. ಮೊದಲು ಬೇಜಾರಾಯಿತು. ಆಮೇಲೆ ಹೌದಲ್ಲ ಅನ್ನಿಸಿತು." ದನಿ ತಗ್ಗಿಸಿ ಹೇಳಿದ. "ಕಿನ್ನಿಗೋಳಿಗೆ ಫೋನ್ ಮಾಡಿದೆ. ತಪ್ಪಾಯಿತು ಅಮ್ಮಾ ಅಂದೆ."

"ಏನು ಹೇಳಿದರು?"

"ನೀನಾದರೂ ಅವಳ ಹತ್ತಿರ ಇದ್ದೆಯಲ್ಲ ಮಗಾ ಅಂದರು."

ವೆಲಿಟಾಳ ಕಣ್ಣು ತುಂಬಿತು. ಅವನು ಬೇರೆ ಕಡೆ ನೋಡಿದ.

"ನಿಮ್ಮ ಮೇಲೆ ನನಗೆ ಸಿಟ್ಟಿರಲಿಲ್ಲ ವೆಲಿಟಾ. ಸೋತದ್ದಕ್ಕೆ ಬೇಜಾರೂ ಇಲ್ಲ. ನೀವು ನನ್ನನ್ನು ತೂಗಿ ನೋಡಿ ಕೆಳಗಿಟ್ಟಿರಿ ಅಂತ, ಅದೊಂದೇ. ಯಾವುದಕ್ಕೂ ಆಗದವನು ಅಂತ ಅನ್ನಿಸಿತು."

"ಅಧ್ಯಕ್ಷರಾಗಲಿಕ್ಕೆ ಆಗುವುದಿಲ್ಲ ಅಂದೆ," ಎಂದಳು ವೆಲಿಟಾ. "ನನಗೆ ಆಗುವುದಿಲ್ಲ ಅಂತ ಹೇಳಿದೆನಾ? ಅವತ್ತು ನೀವು ಮನೆಗೆ ಬಂದಾಗ ನಾನು ಬೇರೆ ಮಾತಿಗೆ ಕಾಯ್ತಿದ್ದೆ. ಬೆಳಿಗ್ಗೆ ಐದಕ್ಕೆ ಎದ್ದು ಮೀನು ತೊಳೆದದ್ದು ಓಟಿಗಾ?"

ಶರ್ವಿನ್ ಅವಳನ್ನೇ ನೋಡಿದ. ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ಕಿವಿಯ ತುದಿಯ ತನಕ ಕೆಂಪಾದ.

"ನಾನೂ ಅದನ್ನೇ ಕೇಳಲಿಕ್ಕೆ ಬಂದಿದ್ದೆ," ಎಂದ ಮೆಲ್ಲಗೆ. "ಎರಡು ಮಾತಿತ್ತು. ಸುಲಭದ್ದು ಮೊದಲು ಬಾಯಿಗೆ ಬಂತು."

ಅವಳು ಅಳುತ್ತಲೇ ನಕ್ಕಳು. ಸುತ್ತ ಜನರಿದ್ದರು, ಆಂಬುಲೆನ್ಸ್ ಒಂದು ಬಂದು ನಿಂತಿತು. ಅವನು ಅವಳ ಕೈ ಹಿಡಿಯಲಿಲ್ಲ. ಅವಳ ಅಂಗೈಯ ಬಳಿ ತನ್ನ ಅಂಗೈ ತಂದು, ಬೆರಳಿಗೆ ಬೆರಳು ತಗಲುವಷ್ಟು ಹತ್ತಿರ ನಿಂತ.

"ನಮ್ಮ ವಿಷಯ ಊರಲ್ಲಿ ಅಪ್ಪನಿಗೆ ಇವತ್ತೇ ನಾನು ಹೇಳ್ತೇನೆ," ಎಂದಳು. "ಈಗ ಒಳಗೆ ಹೋಗಬೇಕು. ಬ್ರೇಕ್ ಮುಗಿಯಿತು."

"ಹೋಗು," ಎಂದ ಶರ್ವಿನ್.

ಮೊದಲ ಸಲ ಏಕವಚನ. ಹೇಳಿದ ಮೇಲೆ ತಾನೇ ಬೆಚ್ಚಿ ಅವಳ ಮುಖ ನೋಡಿದ. ವೆಲಿಟಾ ನಕ್ಕು ಮೆಟ್ಟಿಲೇರಿದಳು. ಬಾಗಿಲ ಬಳಿ ತಿರುಗಿ ನೋಡಿದಾಗ ಅವನು ಮೃತರ ತಮ್ಮನ ಪಕ್ಕಕ್ಕೆ ಹೋಗಿ ಕುಳಿತಾಗಿತ್ತು, ನೀರಿನ ಬಾಟಲಿಯ ಮುಚ್ಚಳ ತೆಗೆದು ಅವರ ಕೈಗೆ ಕೊಡುತ್ತಿದ್ದ.